ಹಳೇ ಮಿಲಿಟರಿ ಚಾಕು ಕಲೆಕ್ಟ್ ಮಾಡೋ ಆಸೆನಾ? ಕಮಾಂಡೋ ಡ್ಯಾಗರ್‌ನಿಂದ ಶುರು ಮಾಡಿ

2019ರ ವರ್ಲ್ಡ್ ಕಪ್‌ನಲ್ಲಿ ಧೋನಿ ಕೀಪಿಂಗ್ ಗ್ಲೋವ್ಸ್ ಮೇಲೆ ಒಂದು ಗುರುತಿತ್ತು, ಐಸಿಸಿಯವರು ಅದನ್ನ ತೆಗೀರಿ ಅಂದ್ರು, ಟಿವಿಯವರಿಗೆ ಕೆಲವು ದಿನ ಅದೇ ಊಟ, ನೆನಪಿರಬೋದು. ರೆಕ್ಕೆ ಇರೋ ಒಂದು ಚಾಕು. ನಮ್ಮ ಪ್ಯಾರಾ ಸ್ಪೆಷಲ್ ಫೋರ್ಸಸ್‌ನವರ ಬಲಿದಾನ್ ಬ್ಯಾಡ್ಜಿನ ಗುರುತು ಅದು. ಪ್ಯಾರಾಶೂಟ್ ರೆಜಿಮೆಂಟ್‌ನ ಟ್ರೇನಿಂಗ್ ಸೆಂಟರ್ ಇರೋದೇ ಬೆಂಗಳೂರಲ್ಲಿ, ಹಂಗಾಗಿ ಈ ಗುರುತು ನಮ್ಮೂರವರಿಗೆ ಅಷ್ಟೇನೂ ಹೊಸದಲ್ಲ. ಆ ಕಡೆ ಬ್ರಿಟನ್ನಿನ ಕಮಾಂಡೋಗಳ ತೋಳಿನ ಮೇಲೂ ಚಾಕು, ಅಮೆರಿಕದ ಸ್ಪೆಷಲ್ ಫೋರ್ಸಸ್ ಲಾಂಛನದಲ್ಲೂ ಚಾಕು. ಕಮಾಂಡೋ ಅಂದ್ರೆ ಎರಡು ಕಡೆ ಅಲಗಿರೋ ಸಣ್ಣ ಡ್ಯಾಗರ್ ಅನ್ನೋ ಈ ಚಿತ್ರ ಎಲ್ಲಿಂದ ಬಂತು ಅಂತ ಹುಡುಕ್ಕೊಂಡು ಹೋದ್ರೆ ಎರಡನೇ ಮಹಾಯುದ್ಧದ ಬ್ರಿಟನ್ನಿಗೇ ಹೋಗಿ ನಿಲ್ತೀವಿ, ಫೇರ್‌ಬೇರ್ನ್-ಸೈಕ್ಸ್ ಫೈಟಿಂಗ್ ನೈಫ್ ಹತ್ರ. ಕಲೆಕ್ಟರ್‌ಗಳ ಬಾಯಲ್ಲಿ ಬರೀ ಎಫ್‌ಎಸ್.

ನಾನಿರೋದು ಇಂಗ್ಲೆಂಡಲ್ಲಿ, ಇಲ್ಲಿ ಮಿಲಿಟೇರಿಯಾ ಫೇರ್ ಅಂತ ಹಳೇ ಸೇನಾ ಸಾಮಾನಿನ ಸಂತೆಗಳು ನಡೀತಾವೆ, ಅಲ್ಲಿ ಸುತ್ತೋ ಚಟ ನಂಗೆ. ನಮ್ಮ ಕನ್ನಡದ ಹುಡುಗ್ರು ಸುಮಾರು ಜನ ಕೇಳ್ತಿರ್ತಾರೆ, ಎಲ್ಲಿಂದ ಶುರು ಮಾಡೋದು, ಅಸಲಿ ಅಂತ ಹೆಂಗೆ ಗೊತ್ತಾಗುತ್ತೆ, ಊರಿಗೆ ತಗೊಂಡು ಹೋಗ್ಬೋದಾ ಅಂತ. ಎಲ್ರಿಗೂ ಬೇರೆ ಬೇರೆ ಹೇಳೋ ಬದ್ಲು ಇಲ್ಲೇ ಬರ್ದಿದೀನಿ, ಸ್ವಲ್ಪ ಉದ್ದ ಆಗಿದೆ.

ಸ್ಟೆಪ್ 1: ಒಂದೇ ಒಂದು ಜಾತಿ ಹಿಡ್ಕೊಳ್ಳಿ

ಹೊಸಬ್ರು ಮಾಡೋ ಕೆಲಸ ಏನಂದ್ರೆ ಕಂಡಿದ್ದೆಲ್ಲಾ ತಗೊಳ್ಳೋದು. ಒಂದು ಜರ್ಮನ್ನು, ಒಂದು ಅಮೆರಿಕನ್ನು, ಒಂದು ಬಯೊನೆಟ್ಟು (ಬಂದೂಕಿನ ತುದಿಗೆ ಸಿಗಿಸೋ ಚಾಕು), ಒಂದು ಕುಕ್ರಿ. ವರ್ಷ ಆದ್ಮೇಲೆ ಮನೇಲಿ ಹತ್ತು ಚಾಕು ಇರುತ್ತೆ, ಒಂದರ ಬಗ್ಗೆನೂ ನೆಟ್ಟಗೆ ನಾಲ್ಕು ಮಾತು ಹೇಳೋಕೆ ಬರಲ್ಲ, ಅದ್ರಲ್ಲಿ ಅರ್ಧ ನಕಲಿ. ಒಂದೇ ಮಾದರಿ ಹಿಡಿದು ಅದನ್ನ ಕಣ್ಣುಮುಚ್ಚಿ ಗುರುತಿಸೋ ಮಟ್ಟಕ್ಕೆ ಹೋಗಿ, ಆಮೇಲೆ ಮುಂದಿಂದು.

ಅಮೆರಿಕದಲ್ಲಿ ಇರೋರಿಗೆ ಸುಲಭವಾಗಿ ಸಿಗೋದು ಕಾ-ಬಾರ್. 1942ರ ಕೊನೇಲಿ ಅಲ್ಲಿನ ಮರೀನ್ ಕೋರ್ ಒಪ್ಪಿಕೊಂಡಿದ್ದು, 7 ಇಂಚಿನ ಬ್ಲೇಡು, ಚರ್ಮದ ಬಿಲ್ಲೆ ಪೋಣಿಸಿ ಮಾಡಿದ ಹಿಡಿ. ಕಾ-ಬಾರ್ ಅನ್ನೋದು ನ್ಯೂಯಾರ್ಕ್ ರಾಜ್ಯದ ಓಲಿಯನ್ ಊರಿನ ಯೂನಿಯನ್ ಕಟ್ಲರಿಯವರ ಬ್ರ್ಯಾಂಡು, ಆದ್ರೆ ಅದೇ ಮಾದರಿನ ಕೆಮಿಲಸ್, ರೋಬೆಸನ್, ಪಾಲ್ ಕಂಪನಿಗಳೂ ಮಾಡಿದಾವೆ, ಜನ ಮಾತ್ರ ಎಲ್ಲದಕ್ಕೂ ಕಾ-ಬಾರ್ ಅಂತಾನೇ ಅಂತಾರೆ. ಇನ್ನೊಂದು ಎಂ3 ಟ್ರೆಂಚ್ ನೈಫ್, ಅಂದ್ರೆ ಹತ್ತಿರದ ಕಾದಾಟಕ್ಕೆ ಅಂತ ಮಾಡಿದ ಚಾಕು, 1943ರಿಂದ 25 ಲಕ್ಷಕ್ಕೂ ಮೇಲೆ ಮಾಡಿದ್ರು, ಹಾಗಾಗಿ ಮಾರ್ಕೆಟಲ್ಲಿ ಸಾಕಷ್ಟಿದೆ.

ವಿ-42 ಅಂತ ಒಂದಿದೆ, ಕೇಸ್ ಕಂಪನಿ ಫಸ್ಟ್ ಸ್ಪೆಷಲ್ ಸರ್ವಿಸ್ ಫೋರ್ಸ್‌ಗೆ, ಅಂದ್ರೆ ಅಮೆರಿಕ-ಕೆನಡಾದವರ ಜಂಟಿ ಕಮಾಂಡೋ ಪಡೆಗೆ ಮಾಡಿಕೊಟ್ಟಿದ್ದು, ಬ್ಲೇಡಿನ ಬುಡದಲ್ಲಿ ಹೆಬ್ಬೆಟ್ಟು ಇಡೋಕೆ ಗೀರು ಹಾಕಿರ್ತಾರೆ. ಅದ್ಭುತವಾದ ಚಾಕು, ಆದ್ರೆ ಮಾಡಿದ್ದೇ ಕೆಲವು ಸಾವಿರ, ನಕಲಿಗಳು ಬೇಜಾನ್. 1918ರ ಮಾರ್ಕ್ 1 ಅನ್ನೋ ಅಮೆರಿಕದ ಟ್ರೆಂಚ್ ನೈಫ್, ಬೆರಳು ತೂರಿಸೋ ಹಿತ್ತಾಳೆಯ ಮುಷ್ಟಿ ಹಿಡಿ ಇರೋದು, ಅದರದ್ದೂ ಅದೇ ಪಾಡು. ಇವೆರಡೂ ಮೊದಲನೇ ಖರೀದಿಗೆ ಬೇಡವೇ ಬೇಡ.

ಎಫ್‌ಎಸ್ ಯಾಕೆ ಅಂತೀನಿ ಅಂದ್ರೆ ಅದರಲ್ಲಿ ಮೂರು ಪ್ಯಾಟರ್ನ್ ಸ್ಪಷ್ಟವಾಗಿ ಬೇರೆ ಬೇರೆ ಇದಾವೆ, ಕಡಿಮೆ ರೇಟಿಂದ ಶುರು ಮಾಡಿ ಮೇಲೆ ಹೋಗ್ಬೋದು, ಮತ್ತೆ ಕಲಿಯೋಕೆ ಅದರಷ್ಟು ಸಾಮಗ್ರಿ ಬೇರೆ ಯಾವ ಚಾಕುಗೂ ಸಿಗಲ್ಲ.

ಸ್ಟೆಪ್ 2: ಹಿನ್ನೆಲೆ ಮತ್ತೆ ಮೂರು ಪ್ಯಾಟರ್ನ್

ವಿಲಿಯಂ ಫೇರ್‌ಬೇರ್ನ್, ಎರಿಕ್ ಸೈಕ್ಸ್ ಇಬ್ಬರೂ ಶಾಂಘೈ ಮುನಿಸಿಪಲ್ ಪೊಲೀಸಲ್ಲಿ ಇದ್ದೋರು. ಆಗಿನ ಶಾಂಘೈ ಬಂದರಿನ ಗಲ್ಲಿ ಜಗಳಗಳಲ್ಲಿ ಕಲ್ತಿದ್ದನ್ನ 1940ರಲ್ಲಿ ಬ್ರಿಟನ್ನಿಗೆ ವಾಪಸ್ ಬಂದು ಕಮಾಂಡೋಗಳಿಗೆ ಹೇಳಿಕೊಡೋಕೆ ಶುರು ಮಾಡಿದ್ರು. ಇದಕ್ಕೆ ಸರಿಯಾದ ಚಾಕು ಬೇಕಲ್ಲ, ಅದೇ ನವೆಂಬರ್‌ನಲ್ಲಿ ಲಂಡನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಗೆ ಹೋಗಿ ಕೂತು ಡಿಸೈನ್ ಮಾಡಿಸಿದ್ರು, 1941ರ ಜನವರಿಯಲ್ಲಿ ಮೊದಲ ಚಾಕುಗಳು ಹೊರಗೆ ಬಂದ್ವು.

ಫಸ್ಟ್ ಪ್ಯಾಟರ್ನ್ ಗುರುತಿಸೋದು ಸುಲಭ. ಗಾರ್ಡ್, ಅಂದ್ರೆ ಹಿಡಿಗೂ ಬ್ಲೇಡಿಗೂ ಮಧ್ಯೆ ಅಡ್ಡ ಇರೋ ಪಟ್ಟಿ, ಸುಮಾರು 3 ಇಂಚು ಅಗಲ, ಒಂದು ತುದಿ ಮೇಲಕ್ಕೆ ಒಂದು ತುದಿ ಕೆಳಕ್ಕೆ ಬಾಗಿರುತ್ತೆ. ಬ್ಲೇಡಿನ ಬುಡದಲ್ಲಿ ಚಪ್ಪಟೆ ಚೌಕ ಜಾಗ ಇರುತ್ತೆ, ಅದರ ಒಂದು ಮಗ್ಗುಲಲ್ಲಿ ವಿಲ್ಕಿನ್ಸನ್ ಹೆಸರು, ಇನ್ನೊಂದು ಮಗ್ಗುಲಲ್ಲಿ ಚಾಕುವಿನ ಹೆಸರು ಆಸಿಡ್‌ನಲ್ಲಿ ಕೊರೆದಿರ್ತಾರೆ. ಹಿಡಿ ಹಿತ್ತಾಳೆದು, ಮೇಲೆ ನಿಕ್ಕಲ್ ಗಿಲೀಟು, ಕೈ ಜಾರದ ಹಾಗೆ ಸಣ್ಣ ಸಣ್ಣ ಚೌಕುಳಿ. ಸಂಖ್ಯೆಯಲ್ಲಿ ತೀರಾ ಕಡಿಮೆ.

ಸೆಕೆಂಡ್ ಪ್ಯಾಟರ್ನ್ 1942ರಲ್ಲಿ ಬಂತು. ಗಾರ್ಡ್ ನೇರ, ಅಂಡಾಕಾರ, ಅಗಲ 2 ಇಂಚಿಗೆ ಇಳೀತು, ಬುಡದ ಚಪ್ಪಟೆ ಜಾಗ ಹೋಗಿ ಬ್ಲೇಡಿನ ಅಲಗು ಗಾರ್ಡ್ ತನಕ ಬಂತು. ಹಿಡಿ ಮಾತ್ರ ಅದೇ ಚೌಕುಳಿದು. ಬರಬರ್ತಾ ಹೊಳೆಯೋ ನಿಕ್ಕಲ್ ಬಿಟ್ಟು ಕಪ್ಪು ಮಾಡೋಕೆ ಶುರು ಮಾಡಿದ್ರು, ರಾತ್ರಿ ದಾಳಿಗೆ ಹೋಗೋನ ಸೊಂಟದಲ್ಲಿ ಮಿಣಮಿಣ ಅಂತ ಹೊಳೆದ್ರೆ ಹೆಂಗೆ.

1943ರಲ್ಲಿ ಬಂದ ಥರ್ಡ್ ಪ್ಯಾಟರ್ನ್ ಪೂರ್ತಿ ಯುದ್ಧಕಾಲದ ಉಳಿತಾಯದ ಮಾಲು. ಹಿತ್ತಾಳೆ ಕಡೆದು ಚೌಕುಳಿ ಹಾಕೋ ಬದ್ಲು ಅಚ್ಚಲ್ಲಿ ಎರಕ ಹೊಯ್ದ ಮಿಶ್ರಲೋಹದ ಹಿಡಿ, ಸುತ್ತಲೂ ಉಂಗುರ ಉಂಗುರ ಗೆರೆ. ತುಂಬಾ ಹಿಡಿಗಳಲ್ಲಿ ತುದಿಯ ಹತ್ರ 1, 2, 3, 4 ಅಂತ ಸಣ್ಣ ಅಂಕಿ ಉಬ್ಬಿರುತ್ತೆ, ಅದು ಅಚ್ಚಿನ ನಂಬರು, ಸೈನಿಕನ ನಂಬರಲ್ಲ. ಇದನ್ನ ಯಾರೋ ಟ್ರೂಪ್ (ಸೇನಾ ತುಕಡಿ) ನಂಬರ್ ಅಂತ ಹೇಳಿ ರೇಟ್ ಏರಿಸಿದ್ರೆ ನಕ್ಕು ಮುಂದೆ ಹೋಗಿ. ಚಾಕು ಚೂರಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಬೇರೆ ಬೇರೆ ಕಟ್ಲರಿ ಕಂಪನಿಗಳು ಇದನ್ನ ಮಾಡಿವೆ, ಹೆಸರಿಲ್ಲದ ಚಾಕುಗಳೇ ಜಾಸ್ತಿ.

ಮೊದಲನೇ ಖರೀದಿ ಯುದ್ಧಕಾಲದ ಥರ್ಡ್ ಪ್ಯಾಟರ್ನೇ ಆಗಲಿ. ರೇಟಲ್ಲಿ ಇದೇ ಕಡಿಮೆ, ಸೆಕೆಂಡ್‌ಗೆ ಒಂದು ಮೆಟ್ಟಿಲು ಮೇಲೆ, ಫಸ್ಟ್ ಅಂತೂ ಹಲವು ಪಟ್ಟು. ಆದ್ರೆ ಒಂದು ಎಚ್ಚರ, ಈ ಮಾದರಿ ಯುದ್ಧ ಮುಗಿದ್ಮೇಲೂ ನಿಲ್ಲಲಿಲ್ಲ, ಇವತ್ತಿನ ತನಕ ಮಾಡ್ತಾನೇ ಇದಾರೆ. ಇಂಗ್ಲೆಂಡ್ ಅಂತ ಗುದ್ದಿದ್ರೆ ಸಾಮಾನ್ಯವಾಗಿ ಯುದ್ಧದ ನಂತರ ಮಾರಾಟಕ್ಕೆ ಮಾಡಿದ್ದು. ಅದು ನಕಲಿ ಅಲ್ಲ, ಆದ್ರೆ 1944ರದ್ದೂ ಅಲ್ಲ, ಆ ರೇಟ್ ಕೊಡ್ಬೇಡಿ.

ಸ್ಟೆಪ್ 3: ದುಡ್ಡು ತೆಗೆಯೋ ಮೊದ್ಲು ಕಣ್ಣು ಪಳಗಿಸಿ

ಲಂಡನ್ ಕಡೆ ಇದ್ರೆ ಇಂಪೀರಿಯಲ್ ವಾರ್ ಮ್ಯೂಸಿಯಂ, ಉತ್ತರದಲ್ಲಿದ್ರೆ ಲೀಡ್ಸ್‌ನ ರಾಯಲ್ ಆರ್ಮರೀಸ್. ಎರಡರ ಕಲೆಕ್ಷನ್ನೂ ಆನ್‌ಲೈನಲ್ಲಿ ಫೋಟೋ ಸಮೇತ ಇದೆ, ಧಾರವಾಡದಲ್ಲಿ ಕೂತೂ ನೋಡ್ಬೋದು. ಹೋಗಿ ನೋಡೋರು ಸುಮ್ನೆ ಚೆನ್ನಾಗಿದೆ ಅಂತ ಬರ್ಬೇಡಿ, ಗಾರ್ಡ್ ಎಷ್ಟು ದಪ್ಪ, ಹಿಡಿ ಮಧ್ಯೆ ಎಷ್ಟು ಉಬ್ಬಿದೆ, ಕೊನೆಗೆ ಎಷ್ಟು ಸಣ್ಣ ಆಗುತ್ತೆ, ಇದನ್ನ ನೋಡಿ. ನಕಲಿ ಮಾಡೋರು ಎಡವೋದು ಈ ಅಳತೆಯ ಅಂದದಲ್ಲೇ, ಹಿಡಿ ಸ್ವಲ್ಪ ದಪ್ಪ ಆಗಿರುತ್ತೆ, ಇಲ್ಲಾ ಬ್ಲೇಡ್ ಅಗಲ ಆಗಿರುತ್ತೆ, ನೂರು ಅಸಲಿ ನೋಡಿದ ಕಣ್ಣಿಗೆ ಯಾಕೋ ಸರಿ ಇಲ್ಲ ಅಂತ ತಕ್ಷಣ ಹೊಳೆಯುತ್ತೆ.

ಫೇರ್‌ಗೆ ಹೋದಾಗ ಮೊದಲ ಕೆಲವು ಸಲ ಏನೂ ತಗೋಬೇಡಿ. ಡೀಲರ್ ಹತ್ರ ಕೇಳಿ ಕೈಗೆ ತಗೊಳ್ಳಿ, ಕೇಳದೆ ಟೇಬಲ್ಲಿಂದ ಎತ್ತೋದು ಇಲ್ಲಿ ಮರ್ಯಾದೆ ಅಲ್ಲ. ಹಿಡಿ ಹಿಡ್ಕೊಳ್ಳಿ, ಬ್ಲೇಡ್ ಮುಟ್ಬೇಡಿ, ಬೆರಳಿನ ಬೆವರು ಕಬ್ಬಿಣದ ಮೇಲೆ ಗುರುತು ಉಳಿಸುತ್ತೆ ಅಂತ ಅವರಿಗೂ ಗೊತ್ತು.

ಸ್ಟೆಪ್ 4: ಕೈಯಲ್ಲಿ ಹಿಡಿದಾಗ ಏನು ನೋಡೋದು

ಜೇಬಲ್ಲಿ ಮೂರು ವಸ್ತು ಇರ್ಲಿ: ಸಣ್ಣ ಸ್ಕೇಲು, ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿ, ಮತ್ತೆ ಒಂದು ಪುಟ್ಟ ಅಯಸ್ಕಾಂತ.

ಮೊನೆಯಿಂದ ಶುರು ಮಾಡಿ. ಎಫ್‌ಎಸ್‌ನ ಮೊನೆ ತೀರಾ ತೆಳು, ಚುಚ್ಚೋಕೆ ಅಂತ ಮಾಡಿದ್ದು, ಡಬ್ಬಿ ಮುಚ್ಚಳ ಎಬ್ಬಿಸೋಕೆ ಹೋದ್ರೆ ಪಟ್ ಅಂತ ಮುರೀತಿತ್ತು. ಮುರಿದ ಮೇಲೆ ಯಾರೋ ಸಾಣೆ ಹಿಡಿಸಿ ಹೊಸ ಮೊನೆ ಮಾಡಿರ್ತಾರೆ. ಸೆಕೆಂಡ್, ಥರ್ಡ್ ಪ್ಯಾಟರ್ನ್‌ಗಳ ಬ್ಲೇಡ್ ಹೆಚ್ಚು ಕಡಿಮೆ 7 ಇಂಚು ಇರ್ಬೇಕು, ಸ್ಕೇಲ್ ಇಟ್ಟು ನೋಡಿ, ಅರ್ಧ ಇಂಚು ಕಡಿಮೆ ಬಂತಾ, ಮೊನೆ ಹೋಗಿದೆ ಅಂತ ಅರ್ಥ. ಫಸ್ಟ್ ಪ್ಯಾಟರ್ನ್ ಆದ್ರೆ ಅದರದ್ದೇ ಸುಮಾರು ಆರೂವರೆ ಇಂಚು, ಗೊಂದಲ ಮಾಡ್ಕೋಬೇಡಿ.

ಆಮೇಲೆ ಬ್ಲೇಡನ್ನ ಕಣ್ಣಿನ ಮಟ್ಟಕ್ಕೆ ಎತ್ತಿ, ಮೊನೆ ಬೆಳಕಿನ ಕಡೆ ಮಾಡಿ, ನಡುವೆ ಓಡೋ ಏಣು ನೋಡಿ. ಈ ಏಣಿನ ಎರಡೂ ಕಡೆ ಇಳಿಜಾರನ್ನ ಶೆಫೀಲ್ಡ್‌ನ ಸಾಣೆಯವರು ಕೈಯಲ್ಲೇ ಹಿಡಿದು ಉಜ್ಜಿ ತೆಗೀತಿದ್ರು, ಹಾಗಾಗಿ ಅದು ಸ್ಕೇಲ್ ಇಟ್ಟು ಎಳೆದ ಗೆರೆ ಥರ ಇರಲ್ಲ, ಒಂದು ಕಡೆ ಕೂದಲೆಳೆಯಷ್ಟು ಸರಿದಿರುತ್ತೆ, ಮೊನೆ ಹತ್ರ ಮತ್ತೆ ನಡುವಿಗೆ ಬರುತ್ತೆ. ಆದ್ರೂ ಏಣು ಚೂಪಾಗಿರುತ್ತೆ, ಉಗುರು ಅಡ್ಡ ಎಳೆದ್ರೆ ತಡೆಯುತ್ತೆ. ಉಗುರು ಸುಮ್ನೆ ಜಾರಿ ಹೋದ್ರೆ ಯಾರೋ ಬಫಿಂಗ್ ಚಕ್ರಕ್ಕೆ ಹಿಡಿದು ಹೊಳಪು ಮಾಡಿದಾರೆ, ಏಣೆಲ್ಲಾ ಸವೆದು ದುಂಡಗಾಗಿದೆ. ಇಂಥದ್ದು ಅಸಲಿ ಆದ್ರೂ ಬಿಟ್ಬಿಡಿ, ಹೋದ ಲೋಹ ವಾಪಸ್ ಬರಲ್ಲ.

ಗಾರ್ಡ್ ಮೆಲ್ಲಗೆ ಅಲ್ಲಾಡಿಸಿ ನೋಡಿ. ಎಂಬತ್ತು ವರ್ಷದ ವಸ್ತು, ಸ್ವಲ್ಪ ಸಡಿಲ ಇದ್ರೆ ತಪ್ಪಿಲ್ಲ. ಹಿಡಿಯ ಕೊನೇಲಿ ಸಣ್ಣ ಹಿತ್ತಾಳೆ ನಟ್ ಇರುತ್ತೆ, ಬ್ಲೇಡಿನ ಬಾಲ ಹಿಡಿಯೊಳಗಿಂದ ಬಂದು ಅಲ್ಲಿ ಕೊನೆ ಆಗುತ್ತೆ. ಭೂತಗನ್ನಡಿ ಹಾಕಬೇಕಾದ ಜಾಗ ಇದೇ. ಇಕ್ಕಳ ಹಿಡಿದ ಗಾಯ ಇದ್ರೆ, ಇಲ್ಲಾ ನಟ್ ಹೊಸದಾಗಿ ಹಳದಿ ಹೊಳೀತಿದ್ದು ಹಿಡಿ ಮಾತ್ರ ಕಪ್ಪಗಿದ್ರೆ ಚಾಕುವನ್ನ ಬಿಚ್ಚಿ ಜೋಡಿಸಿದಾರೆ. ಒಂದರ ಬ್ಲೇಡು ಇನ್ನೊಂದರ ಹಿಡಿಗೆ ಹಾಕಿ ಮಾರೋರು ಇದಾರೆ.

ಸೆಕೆಂಡ್ ಪ್ಯಾಟರ್ನ್ ಅಂತ ಹೇಳಿದ್ರೆ ಹಿಡಿಗೆ ಅಯಸ್ಕಾಂತ ಮುಟ್ಟಿಸಿ. ನಿಕ್ಕಲ್ ಗಿಲೀಟು, ಒಳಗಿನ ಬ್ಲೇಡಿನ ಬಾಲ ಸ್ವಲ್ಪ ಎಳೀಬೋದು, ಆದ್ರೆ ಗಟ್ಟಿಯಾಗಿ ಅಂಟಿದ್ರೆ ಅದು ಹಿತ್ತಾಳೆ ಅಲ್ಲ, ಥ್ಯಾಂಕ್ಯೂ ಹೇಳಿ ಕೆಳಗಿಡಿ.

ಗುರುತುಗಳ ವಿಷಯ ಕೊನೆಗೆ ನೋಡಿ, ಮೊದ್ಲು ನೋಡಿದ್ರೆ ಮನಸ್ಸು ಕರಗಿಬಿಡುತ್ತೆ. ಬಾಣದ ತುದಿ ಥರ ಇರೋ ಬ್ರಾಡ್ ಆ್ಯರೋ ಬ್ರಿಟಿಷ್ ಸರ್ಕಾರದ ಮಾಲು ಅನ್ನೋ ಮುದ್ರೆ, ಅದನ್ನ ಗುದ್ದೋ ಉಳಿ ಮಾಡಿಸೋದು ಯಾರಿಗೂ ಕಷ್ಟ ಅಲ್ಲ. ಮುದ್ರೆ ಗುದ್ದಿ ಆಮೇಲೆ ಕಪ್ಪು ಬಣ್ಣ ಕೊಟ್ಟಿದ್ರೆ ಗುಳಿಯ ತಳದಲ್ಲೂ ಅದೇ ಕಪ್ಪು ಇರ್ಬೇಕು. ಸುತ್ತ ಹಳೇ ಕಪ್ಪು, ಗುಳಿ ಒಳಗೆ ಮಾತ್ರ ಹೊಸ ಲೋಹ ಇಣುಕ್ತಿದ್ರೆ ಆ ಮುದ್ರೆಗೆ ವಯಸ್ಸು ಕಮ್ಮಿ. ಆಸಿಡ್‌ನಲ್ಲಿ ಕೊರೆದ ವಿಲ್ಕಿನ್ಸನ್ ಹೆಸರು ಮೇಲುಮೇಲೆ ಇರುತ್ತೆ, ಒರೆಸಿ ಒರೆಸಿ ಕೆಲವು ಅಕ್ಷರ ಮಸುಕಾಗಿರೋದು ಸಹಜ. ಎಲ್ಲಾ ಅಕ್ಷರ ಒಂದೇ ಆಳಕ್ಕೆ ಕಡ್ಡಿ ಕೊರೆದ ಹಾಗೆ ನಿಂತಿದ್ರೆ ಲೇಸರ್ ಕೆಲಸ ಇರ್ಬೋದು.

ತುಕ್ಕು ಕೂಡ ಮಾತಾಡುತ್ತೆ. ಹಳೇದು ಕಂದುಗಪ್ಪು, ಗಟ್ಟಿಯಾಗಿ ಕೂತಿರುತ್ತೆ, ಅಲ್ಲಲ್ಲಿ ಮಾತ್ರ. ಆಸಿಡ್ ಹಾಕಿ ಹಳೇದು ಮಾಡಿದ್ದು ಎಲ್ಲಾ ಕಡೆ ಒಂದೇ ಥರ ಸಣ್ಣ ಗುಳಿ ಗುಳಿ, ಬಟ್ಟೆಗೆ ಕಿತ್ತಳೆ ಪುಡಿ ಅಂಟುತ್ತೆ.

ಸ್ಟೆಪ್ 5: ಒರೆನೂ ನೋಡಿ

ಎಫ್‌ಎಸ್ ಒರೆ ಕಂದು ಚರ್ಮದ್ದು, ತುದಿಗೆ ಲೋಹದ ಟೋಪಿ, ಹಿಡಿ ಬೀಳದ ಹಾಗೆ ಒಂದು ಎಲಾಸ್ಟಿಕ್ ಬಳೆ, ಎರಡೂ ಪಕ್ಕದಲ್ಲಿ ಸೇರಿ ನಾಲ್ಕು ಚರ್ಮದ ಕಿವಿ. ಆ ಕಿವಿಗಳು ಬಟ್ಟೆಗೆ ಹೊಲಿದುಕೊಳ್ಳೋಕೆ. ಸುಮಾರು ಸೈನಿಕರು ಕಿರಿಕಿರಿ ಅಂತ ಅವನ್ನ ಕತ್ತರಿಸಿ ಬಿಸಾಡಿದ್ರು, ಹಾಗಾಗಿ ನಾಲ್ಕೂ ಕಿವಿ ಇರೋ ಒರೆಗೆ ರೇಟ್ ಹೆಚ್ಚು. ಎಲಾಸ್ಟಿಕ್ ಇವತ್ತಿಗೂ ಬಿಗಿಯಾಗಿ ಎಳೀತಿದ್ರೆ ಬದಲಾಯಿಸಿದಾರೆ ಅಂತ್ಲೇ ಅಂದ್ಕೊಳ್ಳಿ. ಬದಲಾಯಿಸಿದ್ರೆ ಅನಾಹುತ ಏನಿಲ್ಲ, ಒರಿಜಿನಲ್ ಅಂತ ಹೇಳಿ ದುಡ್ಡು ಕೇಳ್ಬಾರದು ಅಷ್ಟೇ.

ಮಧ್ಯೆ ಒಂದು ತಮಾಷೆ. ಫೇರ್‌ಬೇರ್ನ್ ಆಮೇಲೆ ಅಮೆರಿಕಕ್ಕೂ ಹೋಗಿ ಅಲ್ಲಿನ ಗೂಢಚಾರ ಸಂಸ್ಥೆ ಓಎಸ್‌ಎಸ್‌ನವರಿಗೆ ಪಾಠ ಮಾಡ್ದ, ಅವರಿಗೂ ಇದೇ ಥರದ ಚಾಕು ಮಾಡಿಸಿದ್ರು, ಮಾಡಿದ್ದು ಲ್ಯಾಂಡರ್ಸ್ ಫ್ರೇರಿ ಆ್ಯಂಡ್ ಕ್ಲಾರ್ಕ್ ಅನ್ನೋ ಅಡುಗೆಮನೆ ಸಾಮಾನಿನ ಕಂಪನಿ. ಅದರ ಒರೆ ಮೇಲಿರೋ ಲೋಹದ ತಗಡು ನೋಡಿದ್ರೆ ಸಾಕ್ಷಾತ್ ನಮ್ಮ ದೋಸೆ ಮಗುಚೋ ಸಟ್ಟುಗ. ಕಲೆಕ್ಟರ್‌ಗಳೂ ಅದನ್ನ ಪ್ಯಾನ್‌ಕೇಕ್, ಅಂದ್ರೆ ಅವರ ಕಡೆಯ ದೋಸೆ, ಅದರ ಹೆಸರಿಂದಾನೇ ಕರೆಯೋದು.

ಸ್ಟೆಪ್ 6: ಕಥೆಗೆ ದುಡ್ಡು ಕೊಡ್ಬೇಡಿ

ನಮ್ಮ ತಾತ ನಾರ್ಮಂಡಿಯಲ್ಲಿ ಇಳಿದಾಗ ಇದೇ ಚಾಕು ಸೊಂಟದಲ್ಲಿತ್ತು ಅಂತ ಹೇಳೋ ಮಾರಾಟಗಾರ ಪ್ರತಿ ಫೇರ್‌ನಲ್ಲೂ ಸಿಗ್ತಾನೆ. ನಿಜನೂ ಇರ್ಬೋದು. ಆದ್ರೆ ಹೆಸರು, ಸರ್ವಿಸ್ ನಂಬರ್, ಪೇ ಬುಕ್ (ಸೈನಿಕನ ಸಂಬಳದ ಪುಸ್ತಕ), ಯುನಿಟ್ ಫೋಟೋ, ಇಂಥದ್ದು ಚಾಕು ಜೊತೆಗೇ ಬಂದ್ರೆ ಮಾತ್ರ ಅದಕ್ಕೆ ಬೆಲೆ. ಬರೀ ಬಾಯಿಮಾತಾದ್ರೆ ಕೇಳಿ ಖುಷಿಪಟ್ಟು ಬೆಲೆ ಮಾತ್ರ ಚಾಕು ನೋಡಿ ಹೇಳಿ. ಪೇಪರ್ ಇದೆ ಅಂದ್ರೂ ಆ ಮನುಷ್ಯ ಕಮಾಂಡೋ ಆಗಿದ್ದು ಯಾವಾಗ ಅಂತ ನೋಡಿ, 1942ರಲ್ಲೇ ತೀರಿಹೋದೋನ ಹೆಸರಲ್ಲಿ ಥರ್ಡ್ ಪ್ಯಾಟರ್ನ್ ಬಂದ್ರೆ ಲೆಕ್ಕ ಹೆಂಗೆ ಕೂಡುತ್ತೆ.

ಹೊಸ ಪ್ರತಿಗಳು ಬರೋದು ಹೆಚ್ಚಾಗಿ ಉಪಖಂಡದಿಂದಲೇ. ಪಾಕಿಸ್ತಾನದ ವಜೀರಾಬಾದ್ ಚಾಕು ಚೂರಿಗೆ ಹೆಸರಾದ ಊರು, ನಮ್ಮ ಕಡೆ ಡೆಹ್ರಾಡೂನ್‌ನಲ್ಲಿ 1943ರಿಂದ ಇರೋ ವಿಂಡ್ಲಾಸ್‌ನವರು ಹಳೇ ಸೇನಾ ಕತ್ತಿ ಚಾಕುಗಳ ಪ್ರತಿ ಮಾಡಿ ಪ್ರತಿ ಅಂತ್ಲೇ ಮಾರ್ತಾರೆ. ಹೊಸದನ್ನ ಹೊಸದು ಅಂತ ಮಾರಿದ್ರೆ ಅದರಲ್ಲಿ ಮೋಸ ಏನಿದೆ. ಗೋಡೆಗೆ ಹಾಕೋಕೆ ಅಂಥದ್ದೇ ಬೆಸ್ಟು. ನಡುವೆ ಯಾರೋ ಅದನ್ನ ತಗೊಂಡು ದೇಶದ ಹೆಸರು ಉಜ್ಜಿ, ಮಣ್ಣಲ್ಲಿ ಹೂತು, ಆರು ತಿಂಗಳು ಬಿಟ್ಟು ಟೇಬಲ್ ಮೇಲೆ ಇಡ್ತಾನಲ್ಲ, ನೀವು ನೋಡ್ಬೇಕಾಗಿರೋದು ಅವನನ್ನ. ಬ್ಲೇಡಿನ ಬುಡದಲ್ಲಿ ಒಂದು ಜಾಗ ಮಾತ್ರ ತಗ್ಗಾಗಿ ಉಜ್ಜಿದ ಹಾಗಿದ್ರೆ ಅಲ್ಲಿ ಏನು ಬರೆದಿತ್ತು ಅಂತ ಯೋಚನೆ ಮಾಡಿ.

ರಸೀದಿ ಇಲ್ದೆ ತಗೋಬೇಡಿ. ರಸೀದಿ ಮೇಲೆ ಯುದ್ಧಕಾಲದ ಥರ್ಡ್ ಪ್ಯಾಟರ್ನ್ ಅಂತ ಬರ್ಸ್ಕೊಳ್ಳಿ, ಸುಮ್ನೆ ಹಳೇ ಚಾಕು ಅಂತ ಬರೆದ್ರೆ ನಾಳೆ ಜಗಳ ಮಾಡೋಕೆ ಏನೂ ಇರಲ್ಲ. ಹಂಗೆ ಬರೆಯೋಕೆ ಹಿಂದೆಮುಂದೆ ನೋಡಿದ್ರೆ ಉತ್ತರ ಸಿಕ್ಕಂಗೇ.

ಸ್ಟೆಪ್ 7: ಮನೆಗೆ ತಂದ್ಮೇಲೆ ಕೈ ಕಟ್ಕೊಂಡಿರಿ

ನಮ್ಮೋರ ಕೈಗೆ ಹಿತ್ತಾಳೆ ಸಿಕ್ಕಿದ ಕೂಡ್ಲೇ ಹುಣಸೇಹಣ್ಣು ನೆನಪಾಗುತ್ತೆ. ದಯವಿಟ್ಟು ಬೇಡ. ಹುಣಸೇಹಣ್ಣು, ನಿಂಬೆ, ಪೀತಾಂಬರಿ, ಬ್ರಾಸೋ, ಸ್ಟೀಲ್ ನಾರು ಯಾವುದೂ ಬೇಡ. ಆ ಕಪ್ಪು ಬಣ್ಣ, ಮಾಸಿದ ನಿಕ್ಕಲ್, ಅದೇ ಅದರ ವಯಸ್ಸಿನ ಸಾಕ್ಷಿ, ಅರ್ಧ ಗಂಟೇಲಿ ಉಜ್ಜಿ ಹಾಕಿದ್ರೆ ಬೆಲೆನೂ ಅರ್ಧ. ಸಡಿಲ ತುಕ್ಕು ಇದ್ರೆ ತೆಳು ಮಿಷಿನ್ ಆಯಿಲ್ ಹಚ್ಚಿ ಒಂದು ದಿನ ಬಿಟ್ಟು ಮೆತ್ತನೆ ಬಟ್ಟೇಲಿ ಒರೆಸಿ, ಬರೋದು ಬರಲಿ, ಬರದಿದ್ದು ಇರಲಿ. ಆಮೇಲೆ ಮ್ಯೂಸಿಯಂನವರು ಬಳಸೋ ಮೈಕ್ರೋಕ್ರಿಸ್ಟಲಿನ್ ಮೇಣ ತೆಳ್ಳಗೆ ಹಚ್ಚಿದ್ರೆ ಸಾಕು. ಕೊಬ್ಬರಿ ಎಣ್ಣೆ ಹಚ್ಬೇಡಿ, ಕಮಟು ಬರುತ್ತೆ, ಅಂಟಾಗುತ್ತೆ.

ಚಾಕುವನ್ನ ಒರೆಯೊಳಗೆ ಇಟ್ಟು ಮರೀಬೇಡಿ. ಚರ್ಮ ಹದ ಮಾಡಿದ ರಾಸಾಯನಿಕ ಮತ್ತೆ ಗಾಳಿಯ ತೇವ ಸೇರಿ ಬ್ಲೇಡ್ ತಿನ್ನುತ್ತೆ, ಹಿತ್ತಾಳೆ ಚರ್ಮಕ್ಕೆ ತಾಗಿದ ಜಾಗದಲ್ಲಿ ಹಸಿರು ಕಿಲುಬು ಕಟ್ಟುತ್ತೆ. ಒರೆ ಬೇರೆ, ಚಾಕು ಬೇರೆ, ಆಸಿಡ್ ಇಲ್ಲದ ಟಿಶ್ಯೂ ಪೇಪರ್‌ನಲ್ಲಿ ಸುತ್ತಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಂಗಳೂರು, ಕಾರವಾರದ ಮಳೆಗಾಲದ ಗಾಳಿ ಇರೋ ಕಡೆ ಆ ಪೊಟ್ಟಣ ಆಗಾಗ ಬದಲಾಯಿಸ್ಬೇಕು.

ಆಮೇಲೆ ಆಯುಧ ಪೂಜೆ. ಮನೇಲಿ ಅಮ್ಮ ಇದ್ರೆ ಆಯುಧ ಅಂದ್ಮೇಲೆ ಪೂಜೆ ಮಾಡದೇ ಬಿಡಲ್ಲ, ಮಾಡ್ಲಿ, ಆದ್ರೆ ಒದ್ದೆ ಅರಿಶಿನ ಕುಂಕುಮ, ಗಂಧ ನೇರ ಬ್ಲೇಡಿಗೆ ಹಚ್ಚೋಕೆ ಬಿಡಬೇಡಿ, ಆ ಒದ್ದೆ ಬೊಟ್ಟಿನ ಕೆಳಗೇ ತುಕ್ಕು ಶುರುವಾಗುತ್ತೆ. ಡಬ್ಬಿ ಮುಚ್ಚಿ ಡಬ್ಬಿಗೆ ಹಚ್ಚಿಸಿ.

ಸ್ಟೆಪ್ 8: ಕಾನೂನು

ಬ್ರಿಟನ್ನಿನಲ್ಲಿ ಎಫ್‌ಎಸ್ ಮನೇಲಿ ಇಟ್ಕೊಳ್ಳೋದು ಸರಿ, ಸರಿಯಾದ ಕಾರಣ ಇಲ್ದೆ ಸಾರ್ವಜನಿಕ ಜಾಗದಲ್ಲಿ ಹಿಡ್ಕೊಂಡು ಓಡಾಡೋದು ಅಪರಾಧ. ಫೇರ್‌ನಿಂದ ತರುವಾಗ ಸುತ್ತಿ, ಬ್ಯಾಗ್ ತಳದಲ್ಲಿಟ್ಟು, ರಸೀದಿ ಜೊತೆಗಿಟ್ಟು ಸೀದಾ ಮನೆಗೆ ಬನ್ನಿ, ದಾರೀಲಿ ಪಬ್ಬಿಗೆ ಹೋಗೋ ಪ್ಲಾನ್ ಬೇಡ. ಮುಷ್ಟಿ ಹಿಡಿ ಇರೋ ಚಾಕುಗಳ ನಿಯಮ ಇನ್ನೂ ಬಿಗಿ, ಅವನ್ನ ತಗೊಳ್ಳೋ ಮುಂಚೆ ವಿಚಾರಿಸಿ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು, ಎರಡು ಅಲಗಿನ ಚಾಕುಗೆ ಕೆಲವು ಕಡೆ ಬೇರೆ ನಿಯಮ.

ಇಂಡಿಯಾಗೆ ತರೋ ವಿಷಯ ಬಂದ್ರೆ ಸೂಟ್‌ಕೇಸಲ್ಲಿ ಬಟ್ಟೆ ಮಧ್ಯೆ ಹಾಕ್ಕೊಂಡು ಬರೋ ಐಡಿಯಾ ಬಿಟ್ಬಿಡಿ. 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಆಯುಧ ಅಂದ್ರೆ ಬರೀ ಬಂದೂಕಲ್ಲ, ಹರಿತವಾದ ಆಯುಧನೂ ಸೇರುತ್ತೆ, ಹೊರದೇಶದಿಂದ ತರೋಕೆ ಲೈಸೆನ್ಸ್ ಬೇಕು. 9 ಇಂಚಿಗಿಂತ ಚಿಕ್ಕದಾದ್ರೆ ತೊಂದ್ರೆ ಇಲ್ಲ ಅಂತ ಎಲ್ರೂ ಹೇಳ್ತಾರೆ, 2016ರ ಆರ್ಮ್ಸ್ ರೂಲ್ಸ್‌ನಲ್ಲಿ 9 ಇಂಚು ಉದ್ದ, 2 ಇಂಚು ಅಗಲದ ಮಾತು ಇರೋದೇನೋ ನಿಜ, ಆದ್ರೆ ಅದೇ ಪಟ್ಟಿಯಲ್ಲಿ ಡ್ಯಾಗರ್, ಬಯೊನೆಟ್ ಅಂತ ಹೆಸರು ಹಿಡಿದೇ ಬರ್ದಿದೆ, ಎಫ್‌ಎಸ್‌ಗೆ ಡ್ಯಾಗರ್ ಅಂತ ಹೇಳೋಕೆ ಕಸ್ಟಮ್ಸ್‌ನವರಿಗೆ ಎರಡು ಸೆಕೆಂಡ್ ಸಾಕು. ಕೊಡಗಿನವರಿಗೆ ಆಯುಧ ಲೈಸೆನ್ಸ್‌ನಿಂದ ವಿನಾಯಿತಿ ಇದೆಯಲ್ಲ ಅಂತ ವಾದ ಮಾಡೋರೂ ಇದಾರೆ, ಅದನ್ನ ನೆಚ್ಚಿಕೊಂಡು ಏರ್‌ಪೋರ್ಟ್‌ಗೆ ಹೋಗ್ಬೇಡಿ.

ಊರಲ್ಲೇ ಇರೋರಿಗೆ, ಬರ್ಮಾ ಯುದ್ಧಕ್ಕೆ ಹೋಗಿದ್ದ ಮುತ್ತಾತನ ಪೆಟ್ಟಿಗೇಲಿ ಚಾಕು ಸಿಕ್ಕಿದ್ರೆ, ಮೊದ್ಲು ನಿಮ್ಮ ಜಿಲ್ಲೆಯಲ್ಲಿ ಏನು ನಿಯಮ ಅಂತ ಒಬ್ಬ ವಕೀಲರನ್ನ ಕೇಳಿ. ನೂರು ವರ್ಷ ದಾಟಿದ ವಸ್ತುವಾದ್ರೆ 1972ರ ಪುರಾತನ ವಸ್ತುಗಳ ಕಾಯ್ದೆನೂ ಬರುತ್ತೆ, ಹೊರದೇಶಕ್ಕೆ ಮಾರೋಕೆ ಆಗಲ್ಲ. ಎರಡನೇ ಮಹಾಯುದ್ಧದ್ದು ಇನ್ನೂ ಆ ಗೆರೆ ದಾಟಿಲ್ಲ, ಮೊದಲನೇದು ದಾಟಿದೆ.

ಸ್ಟೆಪ್ 9: ಒಂದು ಪುಸ್ತಕ ಇಡಿ

ಪ್ರತಿ ಚಾಕುಗೂ ಒಂದು ಪುಟ. ಎಲ್ಲಿ ಯಾವತ್ತು ತಗೊಂಡಿದ್ದು, ಎಷ್ಟು ಕೊಟ್ಟಿದ್ದು, ಬ್ಲೇಡಿನ ಉದ್ದ, ಗಾರ್ಡಿನ ಅಗಲ, ಗುರುತುಗಳು, ಏನು ಬದಲಾಗಿದೆ ಅನ್ನೋ ಅನುಮಾನ, ಎರಡೂ ಮಗ್ಗುಲಿನ ಫೋಟೋ. ಮಾರಿದೋನು ಹೇಳಿದ ಕಥೆನೂ ಬರೀರಿ, ಅವನು ಹೇಳಿದ್ದು ಅಂತ ಬೇರೆ ಸಾಲಲ್ಲಿ. ಮನೆಯವರಿಗೆ ಆ ಪುಸ್ತಕ ಎಲ್ಲಿದೆ ಅಂತ ಗೊತ್ತಿರ್ಲಿ, ಇಲ್ದಿದ್ರೆ ನಾಳೆ ಅದು ಈರುಳ್ಳಿ ಹೆಚ್ಚೋ ಚಾಕು ಜೊತೆ ಗುಜರಿಗೆ ಹೋಗುತ್ತೆ.

ಥರ್ಡ್ ಪ್ಯಾಟರ್ನ್ ಒಂದೆರಡು ಕೈಗೆ ಬಂದು ಕಣ್ಣು ಕೂತ್ಮೇಲೆ ಕಪ್ಪು ಬಣ್ಣದ ಸೆಕೆಂಡ್ ಪ್ಯಾಟರ್ನ್ ಹುಡುಕಿ, ಹೊಳೆಯೋ ನಿಕ್ಕಲ್‌ದಕ್ಕೆ ಆತುರ ಬೇಡ. ಫಸ್ಟ್ ಪ್ಯಾಟರ್ನ್ ತಗೊಳ್ಳೋ ಮನಸ್ಸಿದ್ರೆ ಫೇರ್ ಟೇಬಲ್ ಮೇಲಿಂದ ಬೇಡ, ಅಸಲಿ ಅಲ್ಲ ಅಂತ ತೇಲಿದ್ರೆ ವಾಪಸ್ ತಗೋತೀವಿ ಅಂತ ಬರ್ದು ಕೊಡೋ ಹರಾಜು ಮನೆಯಿಂದಾನೇ ತಗೊಳ್ಳಿ, ಅವರ ಕಮಿಷನ್ ಮತ್ತೆ ಅದರ ಮೇಲಿನ ಟ್ಯಾಕ್ಸ್ ಮೊದ್ಲೇ ಲೆಕ್ಕ ಹಾಕ್ಕೊಂಡು ಬಿಡ್ ಮಾಡಿ.